ಹನ್ನೊಂದು ಹೆಸರು, ಇಪ್ಪತ್ತು ವಿಕೆಟ್

ದಿಲ್ಲಿಯಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಮೊದಲು ಊರಿನ ಮಳೆ, ಆಮೇಲೆ ವರ್ಗಾವಣೆ, ಅದಾದ ಮೇಲೆ ಕ್ರಿಕೆಟ್. ಈ ಕ್ರಮ ತಪ್ಪುವುದಿಲ್ಲ. ಈಚೆಗೆ ಒಂದು ಭಾನುವಾರ ಸಂಘದ ಸಭೆ ಮುಗಿದು ಬಿಸಿಬೇಳೆ ಭಾತಿನ ಎಲೆಯ ಮುಂದೆ ಕುಳಿತಿದ್ದಾಗಲೂ ಹಾಗೆಯೇ ಆಯಿತು. ಹಿರಿಯರೊಬ್ಬರು ಕೇಳಿದರು: “ಭಾರತದ ಸಾರ್ವಕಾಲಿಕ ತಂಡವನ್ನೂ ಪಾಕಿಸ್ತಾನದ ಸಾರ್ವಕಾಲಿಕ ತಂಡವನ್ನೂ ಎದುರುಬದುರು ನಿಲ್ಲಿಸಿದರೆ ಗೆಲ್ಲುವವರು ಯಾರು?” ಪ್ರಶ್ನೆ ಮುಗಿಯುವ ಮೊದಲೇ ಪಂಕ್ತಿಯ ಆ ತುದಿಯಿಂದ ಉತ್ತರ ಬಂತು: “ಭಾರತವೇ. ಇದರಲ್ಲಿ ಕೇಳುವುದೇನಿದೆ ಸ್ವಾಮಿ?”

ಕೇಳುವುದಿದೆ ಎಂದು ನಮಗೆ ಅನ್ನಿಸಿತು. ಅಲ್ಲಿ ಹೇಳಲು ಧೈರ್ಯ ಬರಲಿಲ್ಲ. ಈ ಲೇಖನ ಆ ಧೈರ್ಯವನ್ನು ತಡವಾಗಿ ತಂದುಕೊಳ್ಳುವ ಪ್ರಯತ್ನ.

ಇಂಥ ಪಟ್ಟಿಗಳು ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ. ದೊಡ್ಡ ದೊಡ್ಡ ಆಟಗಾರರೂ ತಮ್ಮ ತಮ್ಮ ಹನ್ನೊಂದು ಮಂದಿಯನ್ನು ಆರಿಸಿ ಪ್ರಕಟಿಸುತ್ತಾರೆ. ನಾವು ಅವನ್ನು ಆಸೆಯಿಂದಲೇ ಓದುತ್ತೇವೆ. ಆದರೆ ಓದಿ ಮುಗಿಸಿದಾಗ ಹೊಟ್ಟೆ ತುಂಬುವುದಿಲ್ಲ. ಅವು ಬಹುಪಾಲು ಹೆಸರುಗಳ ಮೆರವಣಿಗೆ. ಯಾರು ಎಷ್ಟು ಶತಕ ಹೊಡೆದರು ಎಂದು ಕೂಡುತ್ತಾರೆ, ದೊಡ್ಡ ಮೊತ್ತದ ಕಡೆಗೆ ಜಯಮಾಲೆ ಹಾಕುತ್ತಾರೆ. ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಅದು ಸೇವಾ ಹಿರಿತನದ ಪಟ್ಟಿ. ಹಿರಿತನದ ಪಟ್ಟಿಯಿಂದ ಬಡ್ತಿ ಕೊಡಬಹುದು, ಟೆಸ್ಟ್ ಪಂದ್ಯ ಗೆಲ್ಲಲಾಗದು. ಪಂದ್ಯ ಗೆಲ್ಲಬೇಕಾದರೆ ಎದುರಾಳಿಯ ಇಪ್ಪತ್ತು ವಿಕೆಟ್‌ಗಳನ್ನು ಕೀಳಬೇಕು. ಸಾವಿರ ರನ್ ಹೊಡೆದರೂ ಅವರು ಔಟಾಗದಿದ್ದರೆ ಪಂದ್ಯ ಡ್ರಾ. ಈ ಸರಳ ಮಾತು ಹೆಸರುಗಳ ಸಡಗರದಲ್ಲಿ ಮರೆತುಹೋಗುತ್ತದೆ.

ಎರಡನೆಯ ದೋಷ ಇನ್ನೂ ಹಳೆಯದು. ಹೆತ್ತವರಿಗೆ ಹೆಗ್ಗಣ ಮುದ್ದು. ನಾವು ಬೇರೆಯವರನ್ನು ಆಡಿಕೊಳ್ಳುವುದೇಕೆ? ಆ ರಾತ್ರಿ ಮನೆಗೆ ಬಂದು ಭಾರತದ ತಂಡ ಬರೆಯಲು ಕುಳಿತೆವು. ವಿಶ್ವನಾಥ್, ದ್ರಾವಿಡ್, ಕಿರ್ಮಾನಿ, ಪ್ರಸನ್ನ, ಕುಂಬ್ಳೆ, ಶ್ರೀನಾಥ್ ಎಂದು ಕೈ ತಾನೇ ಬರೆದುಕೊಂಡು ಹೋಯಿತು. ಮಗಳು ಹಿಂದಿನಿಂದ ಇಣುಕಿ ನೋಡಿ, “ಅಪ್ಪಾ, ಇದು ಭಾರತದ ತಂಡವೋ, ರಣಜಿ ತಂಡವೋ?” ಎಂದಳು. ಅವಳು ಹುಟ್ಟಿದ್ದು ಬೆಳೆದದ್ದು ದಿಲ್ಲಿಯಲ್ಲಿ. ನಮ್ಮ ಕಣ್ಣಿಗೆ ಕಾಣದ್ದು ಅವಳ ಕಣ್ಣಿಗೆ ಬಿತ್ತು.

ಆಗ ಬಿ.ಎಸ್ಸಿ. ಓದುವಾಗಿನ ಪ್ರಯೋಗಶಾಲೆ ನೆನಪಾಯಿತು. ಅಲ್ಲಿನ ತಕ್ಕಡಿಯ ಎರಡು ತೋಳುಗಳು ಪೂರ್ತಿ ಸಮವೆಂದು ನಂಬಬಾರದೆಂದು ನಮ್ಮ ಮೇಷ್ಟರು ಹೇಳುತ್ತಿದ್ದರು. ವಸ್ತುವನ್ನು ಒಮ್ಮೆ ಎಡ ತಟ್ಟೆಯಲ್ಲಿಟ್ಟು ತೂಗಬೇಕು, ಮತ್ತೊಮ್ಮೆ ಬಲ ತಟ್ಟೆಯಲ್ಲಿಟ್ಟು ತೂಗಬೇಕು. ಆಗ ತಕ್ಕಡಿಯ ದೋಷ ತೂಕಕ್ಕೆ ಅಂಟುವುದಿಲ್ಲ. ಕ್ರಿಕೆಟ್ ತಂಡಗಳಿಗೂ ಇದೇ ಉಪಾಯ ಮಾಡಿದೆವು. ಪ್ರತಿಯೊಬ್ಬ ಆಟಗಾರನನ್ನೂ ತಟ್ಟೆ ಬದಲಿಸಿ ಕೇಳಿಕೊಂಡೆವು. ಇಮ್ರಾನ್ ಖಾನ್ ಜಲಂಧರದಲ್ಲಿ ಹುಟ್ಟಿ ನಮಗೆ ಆಡಿದ್ದರೆ ಅವರನ್ನು ಬಿಡುತ್ತಿದ್ದೆವೆ? ನಮ್ಮ ಇಂಥವರು ಲಾಹೋರಿನವರಾಗಿದ್ದರೆ ಇಷ್ಟು ಹೊಗಳುತ್ತಿದ್ದೆವೆ?

ಈ ಪ್ರಶ್ನೆ ಬರೀ ಕಲ್ಪನೆಯಲ್ಲ. 1932ರಲ್ಲಿ ಲಾರ್ಡ್ಸ್‌ನಲ್ಲಿ ಭಾರತದ ಮೊದಲ ಟೆಸ್ಟಿನಲ್ಲಿ ಹೊಸ ಚೆಂಡು ಹಿಡಿದ ಮಹಮ್ಮದ್ ನಿಸಾರ್ ವಿಭಜನೆಯ ನಂತರ ಪಾಕಿಸ್ತಾನದವರಾದರು. ಪಾಕಿಸ್ತಾನದ ಮೊದಲ ನಾಯಕ ಅಬ್ದುಲ್ ಹಫೀಜ್ ಕಾರ್ದಾರ್ 1946ರಲ್ಲಿ ಭಾರತಕ್ಕೆ ಆಡಿದ್ದರು. ಫಜಲ್ ಮಹಮೂದ್ 1947–48ರ ಆಸ್ಟ್ರೇಲಿಯ ಪ್ರವಾಸಕ್ಕೆ ಭಾರತ ತಂಡದಲ್ಲಿ ಆಯ್ಕೆಯಾಗಿದ್ದರು. ದೇಶ ಒಡೆದದ್ದರಿಂದ ಹೋಗಲಿಲ್ಲ. ಐದು ವರ್ಷಗಳ ನಂತರ, 1952ರಲ್ಲಿ, ಅದೇ ಫಜಲ್ ಲಖನೌದ ಸೆಣಬಿನ ಮ್ಯಾಟಿಂಗ್ ಮೇಲೆ ಭಾರತದ 12 ವಿಕೆಟ್ ಕಿತ್ತು ಪಾಕಿಸ್ತಾನಕ್ಕೆ ಅದರ ಮೊದಲ ಟೆಸ್ಟ್ ಗೆಲುವನ್ನು ಕೊಡಿಸಿದರು. ಅದಕ್ಕೆ ಕೆಲವೇ ದಿನ ಮುಂಚೆ ದಿಲ್ಲಿಯಲ್ಲಿ ವಿನೂ ಮಂಕಡ್ 13 ವಿಕೆಟ್ ಪಡೆದು ಅವರನ್ನು ಇನ್ನಿಂಗ್ಸ್ ಸೋಲಿಗೆ ದೂಡಿದ್ದರು. ಆರಂಭದಿಂದಲೇ ಎರಡೂ ಕಡೆಯ ಗೆಲುವು ಬರೆದವರು ಬೌಲರುಗಳು. ಇದನ್ನು ನೆನಪಿನಲ್ಲಿಟ್ಟುಕೊಳ್ಳೋಣ.

ತಟ್ಟೆ ಬದಲಿಸಿ ತೂಗಿದ ಮೇಲೆ ನಮಗೆ ಸಿಕ್ಕ ತಂಡಗಳು ಇವು. ಭಾರತ: ಗಾವಸ್ಕರ್, ಸೆಹ್ವಾಗ್, ದ್ರಾವಿಡ್, ತೆಂಡೂಲ್ಕರ್, ಕೊಹ್ಲಿ, ಧೋನಿ, ಕಪಿಲ್ ದೇವ್, ಅಶ್ವಿನ್, ಕುಂಬ್ಳೆ, ಶಮಿ, ಬುಮ್ರಾ. ಪಾಕಿಸ್ತಾನ: ಹನೀಫ್ ಮಹಮ್ಮದ್, ಸಯೀದ್ ಅನ್ವರ್, ಯೂನಿಸ್ ಖಾನ್, ಜಾವೇದ್ ಮಿಯಾಂದಾದ್, ಇಂಜಮಾಮ್ ಉಲ್ ಹಕ್, ಇಮ್ರಾನ್ ಖಾನ್, ವಾಸಿಂ ಅಕ್ರಂ, ವಾಸಿಂ ಬಾರಿ, ಅಬ್ದುಲ್ ಖಾದಿರ್, ಫಜಲ್ ಮಹಮೂದ್, ವಕಾರ್ ಯೂನಿಸ್.

ಆರು ಮಂದಿ ಕನ್ನಡಿಗರಲ್ಲಿ ಇಬ್ಬರು ಉಳಿದರು. ವಿಶ್ವನಾಥ್ ಹೆಸರಿನ ಮೇಲೆ ಗೆರೆ ಎಳೆಯುವಾಗ ಕೈ ನಡುಗಿತು ಎಂದರೆ ಓದುಗರು ನಗಬಾರದು. ಅವರು 91 ಟೆಸ್ಟ್ ಆಡಿ 6080 ರನ್ ಮಾಡಿದರು. ಅವರ ಆಟವನ್ನು ಕಂಡವರಿಗೆ ಆ ಅಂಕಿ ಏನೂ ಅಲ್ಲ. ಆದರೆ ತೂಗಲು ಕುಳಿತವನಿಗೆ ತಕ್ಕಡಿಯೇ ಯಜಮಾನ. ಆ ಕಡೆಯೂ ಇಂಥದ್ದೇ ನೋವು ಇದ್ದೇ ಇರುತ್ತದೆ. 1978ರಲ್ಲಿ ಮೂರು ಟೆಸ್ಟ್‌ಗಳಲ್ಲಿ ನಮ್ಮ ಸ್ಪಿನ್ನರುಗಳ ಎದುರು 583 ರನ್ ಹೊಡೆದ ಜಹೀರ್ ಅಬ್ಬಾಸ್ ಅವರಿಗೂ ಅಲ್ಲಿ ಸ್ಥಳವಾಗಲಿಲ್ಲ.

ಈಗ ಬ್ಯಾಟಿಂಗ್ ನೋಡೋಣ. ಇಲ್ಲಿ ಭಾರತ ಬಹಳ ಮುಂದೆ ಎಂದು ಎಲ್ಲರೂ ನಂಬಿದ್ದೇವೆ. ನಾವು ಮೊದಲ ಐವರ ಟೆಸ್ಟ್ ಸರಾಸರಿಗಳನ್ನು ಕೂಡಿ ನೋಡಿದೆವು. ಗಾವಸ್ಕರ್ 51.12, ಸೆಹ್ವಾಗ್ 49.34, ದ್ರಾವಿಡ್ 52.31, ತೆಂಡೂಲ್ಕರ್ 53.78, ಕೊಹ್ಲಿ 46.85. ಒಟ್ಟು 253.40. ಹನೀಫ್ 43.98, ಅನ್ವರ್ 45.52, ಯೂನಿಸ್ 52.05, ಮಿಯಾಂದಾದ್ 52.57, ಇಂಜಮಾಮ್ 49.60. ಒಟ್ಟು 243.72. ಐದು ಜನ ಸೇರಿ ಹತ್ತು ರನ್ನಿನ ವ್ಯತ್ಯಾಸವೂ ಇಲ್ಲ! ನಾವು ಲೆಕ್ಕವನ್ನು ಎರಡು ಸಲ ತಾಳೆ ನೋಡಿದೆವು, ತಪ್ಪಿರಲಿಲ್ಲ. ಮೇಲಾಗಿ ಹನೀಫ್ ಆಡಿದ್ದು ಹೆಲ್ಮೆಟ್ ಇಲ್ಲದ ಕಾಲ. 1958ರಲ್ಲಿ ಬ್ರಿಜ್‌ಟೌನಿನಲ್ಲಿ ಫಾಲೋ ಆನ್ ಆದ ಮೇಲೆ 970 ನಿಮಿಷ ನಿಂತು 337 ರನ್ ಮಾಡಿ ಪಂದ್ಯ ಉಳಿಸಿದರು. ಅವರ 43.98ನ್ನು ಈ ಶತಮಾನದ ಸಪಾಟು ಪಿಚ್ಚುಗಳ ಸರಾಸರಿಯ ಪಕ್ಕದಲ್ಲಿ ಹಾಗೆಯೇ ಇಡುವುದು ಹಳೆಯ ಸಂಬಳವನ್ನು ಇಂದಿನ ಸಂಬಳದ ಪಕ್ಕದಲ್ಲಿಟ್ಟಂತೆ. ತುಟ್ಟಿಭತ್ಯೆ ಕೂಡಿಸದೆ ಹೋಲಿಸಬಾರದು.

ಆರರಿಂದ ಎಂಟರವರೆಗೆ ಮಾತ್ರ ಭಾರತವೇ ಸ್ಪಷ್ಟವಾಗಿ ಮೇಲು. ಧೋನಿ, ಕಪಿಲ್, ಅಶ್ವಿನ್ ಮೂವರೂ ಶತಕ ಹೊಡೆದವರು. ಅತ್ತ ಇಮ್ರಾನ್ ನಿಜವಾದ ಬ್ಯಾಟುಗಾರರು, ಅಕ್ರಂ ಒಮ್ಮೆ 257 ಹೊಡೆದದ್ದೂ ಉಂಟು. ಬಾರಿ ಮಾತ್ರ ಕೀಪಿಂಗಿಗಾಗಿ ಬಂದವರು. ಒಟ್ಟಿನಲ್ಲಿ ಬ್ಯಾಟಿಂಗ್‌ನಲ್ಲಿ ಭಾರತ ಮುಂದೆ, ಆದರೆ ಪಂಕ್ತಿಯ ಆ ತುದಿಯಿಂದ ಕೂಗಿದವರು ತಿಳಿದಷ್ಟು ಮುಂದೆ ಅಲ್ಲ.

ಇನ್ನು ಬೌಲಿಂಗ್. ಇಲ್ಲಿಯೇ ಇಡೀ ಪ್ರಶ್ನೆಯ ಜೀವ ಇರುವುದು.

ಇಮ್ರಾನ್ 362 ವಿಕೆಟ್, ಪ್ರತಿ ವಿಕೆಟ್ಟಿಗೆ 22.81 ರನ್. ಅಕ್ರಂ 414, 23.62. ವಕಾರ್ 373, 23.56. ಫಜಲ್ 139, 24.70. ನಾಲ್ವರು ವೇಗ ಮತ್ತು ಮಧ್ಯಮ ವೇಗದ ಬೌಲರುಗಳು, ನಾಲ್ವರೂ 25ಕ್ಕಿಂತ ಕಡಿಮೆ. ನಮ್ಮ ಕಡೆ ಕಪಿಲ್ 434, 29.64. ಶಮಿ 229, 27.71. ಬುಮ್ರಾ ಒಬ್ಬರೇ ಆ ಕಡೆಯವರನ್ನು ಮೀರಿಸುವವರು. 2024ರ ಡಿಸೆಂಬರಿನಲ್ಲಿ ಮೆಲ್ಬರ್ನ್‌ನಲ್ಲಿ ಇನ್ನೂರನೆಯ ವಿಕೆಟ್ ಪಡೆದಾಗ ಅವರ ಸರಾಸರಿ 20ಕ್ಕಿಂತ ಕೆಳಗಿತ್ತು. ಬುಮ್ರಾ ಇಲ್ಲದಿದ್ದರೆ ಈ ಲೇಖನ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ವೇಗದ ತಟ್ಟೆ ನೆಲಕ್ಕೆ ಬಡಿಯುತ್ತಿತ್ತು.

ಏಕೆ ಹೀಗೆ? ಅವರಲ್ಲಿ ವೇಗದ ಬೌಲಿಂಗಿಗೆ ಒಂದು ಪರಂಪರೆ ಬೆಳೆಯಿತು. ಹಳೆಯ ಚೆಂಡನ್ನು ತಿರುವಿನ ವಿರುದ್ಧ ದಿಕ್ಕಿಗೆ ಹೊರಳಿಸುವ ವಿದ್ಯೆಯನ್ನು ಸರ್ಫರಾಜ್ ನವಾಜ್ ಇಮ್ರಾನ್ ಅವರಿಗೆ ಕಲಿಸಿದರು, ಇಮ್ರಾನ್ ಅದನ್ನು ಅಕ್ರಂ ಮತ್ತು ವಕಾರ್ ಅವರಿಗೆ ದಾಟಿಸಿದರು. ನಮ್ಮ ಸಂಗೀತಗಾರರ ಮನೆಗಳಲ್ಲಿ ಪಾಠ ಇಳಿದುಬಂದಂತೆ ಇದೂ ಇಳಿದುಬಂತು. ಒಣನೆಲದ ಪಿಚ್ಚು ಚೆಂಡನ್ನು ಬೇಗ ಒರಟು ಮಾಡುತ್ತಿದ್ದುದು ಅವರಿಗೆ ಶಾಪವಾಗದೆ ವರವಾಯಿತು. ನಮ್ಮಲ್ಲಿ ಅದೇ ಕಾಲದಲ್ಲಿ ಹೊಸ ಚೆಂಡಿನ ಹೊಳಪು ತೆಗೆಯಲು ಗಾವಸ್ಕರ್ ಅವರೇ ಬೌಲ್ ಮಾಡಿದ್ದುಂಟು! 1978ರ ಅಕ್ಟೋಬರಿನಲ್ಲಿ ಫೈಸಲಾಬಾದಿನಲ್ಲಿ, ಪಾಕಿಸ್ತಾನದ ಎದುರೇ, ಕಪಿಲ್ ಬಂದರು. ಆ ಮೇಲೆ ಬಹಳ ವರ್ಷ ಒಬ್ಬರೇ ಎಳೆದರು.

ಆ ಪರಂಪರೆಯ ಪೆಟ್ಟು ಕರ್ನಾಟಕದವರಿಗೆ ಚೆನ್ನಾಗಿ ಗೊತ್ತು. 1982–83ರಲ್ಲಿ ಆರು ಟೆಸ್ಟ್‌ಗಳಲ್ಲಿ ಇಮ್ರಾನ್ 40 ವಿಕೆಟ್ ಪಡೆದರು, ನಾವು ಮೂರರಲ್ಲಿ ಸೋತೆವು. ವಿಶ್ವನಾಥ್ ಅವರ ಕೊನೆಯ ಸರಣಿ ಅದೇ. ಅದಕ್ಕೆ ಮೊದಲು 1978ರ ಲಾಹೋರ್ ಟೆಸ್ಟ್ ಪ್ರಸನ್ನ ಅವರ ಕೊನೆಯ ಟೆಸ್ಟ್. ನಮ್ಮ ಇಬ್ಬರು ದೊಡ್ಡವರ ಆಟ ಪಾಕಿಸ್ತಾನದ ಎದುರೇ ಮುಗಿಯಿತು. ಮನಸ್ಸಿಗೆ ಕಹಿಯಾದರೂ ವಿಮರ್ಶೆ ಮಾಡುವವನು ಇದನ್ನು ಬರೆಯಲೇಬೇಕು.

ಸ್ಪಿನ್ನಿಗೆ ಬಂದರೆ ತಟ್ಟೆ ನಮ್ಮ ಕಡೆ ಬೀಳುತ್ತದೆ. ಕುಂಬ್ಳೆ 619, ಅಶ್ವಿನ್ 537. ಅವರ ಖಾದಿರ್ 236 ವಿಕೆಟ್ಟಿಗೆ 32.80 ತೆತ್ತವರು. ಲೆಗ್ ಸ್ಪಿನ್ ಎಂಬ ಕಲೆ ಸಾಯುತ್ತಿದ್ದ ಕಾಲದಲ್ಲಿ ಅದನ್ನು ಉಳಿಸಿದವರೆಂಬ ಗೌರವ ಅವರಿಗೆ ಸಲ್ಲಬೇಕು, ಆದರೆ ತೂಕ ತೂಕವೇ. 1999ರ ಫೆಬ್ರವರಿಯಲ್ಲಿ ಇದೇ ದಿಲ್ಲಿಯ ಫಿರೋಜ್ ಷಾ ಕೋಟ್ಲಾದಲ್ಲಿ 420 ರನ್ ಬೆನ್ನಟ್ಟಿದ ಪಾಕಿಸ್ತಾನ ಒಂದೂ ವಿಕೆಟ್ ಕಳೆಯದೆ 101ರಲ್ಲಿತ್ತು. ಅಲ್ಲಿಂದ ಕುಂಬ್ಳೆ 74 ರನ್ನಿಗೆ ಹತ್ತೂ ವಿಕೆಟ್ ಕಿತ್ತರು. ಒಂಬತ್ತಾದ ಮೇಲೆ ಶ್ರೀನಾಥ್ ವಿಕೆಟ್ ಬೀಳದಂತೆ ಎಚ್ಚರದಿಂದ ದೂರ ದೂರ ಬೌಲ್ ಮಾಡಿದ ಆ ಓವರನ್ನು ಕನ್ನಡಿಗರು ಯಾರು ಮರೆತಾರು?

ಆದರೆ ಇಲ್ಲೊಂದು ಕೊಕ್ಕೆ ಇದೆ. ನಮ್ಮ ಸ್ಪಿನ್ನರುಗಳ ವಿಕೆಟ್ಟುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ನೆಲದಲ್ಲೇ ಬಂದವು. ಕುಂಬ್ಳೆ ಅವರ 619ರಲ್ಲಿ 350 ಭಾರತದವು. ಅಕ್ರಂ ಅವರ ಬಹುಪಾಲು ವಿಕೆಟ್ಟುಗಳು ಪಾಕಿಸ್ತಾನದ ಹೊರಗಿನವು. ಸ್ಪಿನ್ ನೆಲದ ಬೆಳೆ. ಇಂಥ ವೇಗ ಪೆಟ್ಟಿಗೆ ಕಟ್ಟಿಕೊಂಡು ಎಲ್ಲಿಗೆ ಬೇಕಾದರೂ ಹೋಗುತ್ತದೆ.

ಹಾಗಾದರೆ ಪಂದ್ಯ ಎಲ್ಲಿ? ಇದನ್ನು ಕೇಳದೆ ತೀರ್ಪು ಕೊಡುವ ಪಟ್ಟಿಗಳನ್ನು ನಾವು ಒಪ್ಪುವುದಿಲ್ಲ. ಐದು ಟೆಸ್ಟ್‌ಗಳೆಂದು ಇಟ್ಟುಕೊಳ್ಳಿ. ಎರಡು ಭಾರತದಲ್ಲಿ, ಎರಡು ಪಾಕಿಸ್ತಾನದಲ್ಲಿ, ಒಂದು ಲಂಡನ್ನಿನ ಓವಲ್‌ನಲ್ಲಿ. ಅಂಪೈರುಗಳು ಮೂರನೆಯ ದೇಶದವರು. ಇದನ್ನು ಹೇಳಲು ಕಾರಣವಿದೆ. ಹಿಂದೆ ಎರಡೂ ದೇಶಗಳಲ್ಲಿ ಸೋತವರು ಅಂಪೈರನ್ನು ದೂರುವುದೇ ವಾಡಿಕೆಯಾಗಿತ್ತು. ಇಮ್ರಾನ್ ನಾಯಕರಾಗಿದ್ದಾಗ, 1986ರಲ್ಲಿ, ಲಾಹೋರಿನ ವೆಸ್ಟ್ ಇಂಡೀಸ್ ಟೆಸ್ಟಿಗೆ ಪಾಕಿಸ್ತಾನ ಕರೆಸಿದ ಅಂಪೈರುಗಳು ಯಾರು ಗೊತ್ತೆ? ನಮ್ಮ ವಿ.ಕೆ. ರಾಮಸ್ವಾಮಿ ಮತ್ತು ಪಿಲೂ ರಿಪೋರ್ಟರ್. ಎದುರಾಳಿಯ ನ್ಯಾಯವನ್ನು ನಂಬಿದ ಆ ನಡೆಯನ್ನು ನಾವು ಇಷ್ಟಪಡುತ್ತೇವೆ.

ಭಾರತದ ಎರಡು ಪಂದ್ಯಗಳನ್ನು ಭಾರತಕ್ಕೆ ಕೊಡೋಣ. ಆದರೆ ಒಂದನ್ನು ಬೆಂಗಳೂರಿನಲ್ಲಿ ಇಡಬೇಡಿ! ಅಲ್ಲಿ ಪಾಕಿಸ್ತಾನದ ವಿರುದ್ಧ ಐದು ಟೆಸ್ಟ್ ಆಡಿ ಒಂದನ್ನೂ ಗೆದ್ದಿಲ್ಲ. 1987ರಲ್ಲಿ ಗಾವಸ್ಕರ್ ತಮ್ಮ ಕೊನೆಯ ಇನ್ನಿಂಗ್ಸ್‌ನಲ್ಲಿ 96 ರನ್ ಮಾಡಿಯೂ 16 ರನ್ನಿನಿಂದ ಸೋತೆವು, 2005ರಲ್ಲಿ ಮತ್ತೆ ಸೋತೆವು. ಪಾಕಿಸ್ತಾನದ ಎರಡು ಪಂದ್ಯ ಅವರಿಗೆ. ಅದೂ ನಿಶ್ಚಿತವಲ್ಲ. 2004ರಲ್ಲಿ ಮುಲ್ತಾನಿನಲ್ಲಿ ಸೆಹ್ವಾಗ್ 309, ರಾವಲ್ಪಿಂಡಿಯಲ್ಲಿ ದ್ರಾವಿಡ್ 270 ಹೊಡೆದು ಸರಣಿಯನ್ನೇ ಗೆದ್ದುಕೊಂಡು ಬಂದರು. ಹಾಗಾಗಿ ಕಡೆಯ ತೀರ್ಮಾನ ಓವಲ್‌ನದು.

ಓವಲ್‌ನಲ್ಲಿ 1954ರಲ್ಲಿ ಫಜಲ್ 12 ವಿಕೆಟ್ ಪಡೆದು ಇಂಗ್ಲೆಂಡನ್ನು ಸೋಲಿಸಿದರು. 1992ರಲ್ಲಿ ಅಕ್ರಂ ಮತ್ತು ವಕಾರ್ ಹತ್ತು ವಿಕೆಟ್‌ಗಳ ಗೆಲುವು ತಂದರು. ನಾವೂ ಅಲ್ಲಿ 1971ರಲ್ಲಿ ಗೆದ್ದೆವು, ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತಾಗ. ಆದರೆ ಚಂದ್ರಶೇಖರ್ ನಮ್ಮ ಹನ್ನೊಂದರಲ್ಲಿ ಇಲ್ಲವಲ್ಲ! ಹೆಸರುಗಳ ಪಟ್ಟಿ ಎಷ್ಟು ಸಣ್ಣ ಚೀಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. 2021ರಲ್ಲೂ 2025ರಲ್ಲೂ ಅಲ್ಲಿ ಭಾರತ ಗೆದ್ದದ್ದನ್ನು ಮರೆತಿಲ್ಲ. ಆದರೂ ಒಂದು ತುದಿಯಿಂದ ಬುಮ್ರಾ ದಣಿದಾಗ ನಮ್ಮ ನಾಯಕ ಸುತ್ತ ನೋಡಬೇಕು. ಇಮ್ರಾನ್ ದಣಿದರೆ ಅಕ್ರಂ, ಅಕ್ರಂ ದಣಿದರೆ ವಕಾರ್, ಅವರ ಹಿಂದೆ ಫಜಲ್. ಓವಲ್ ಪಾಕಿಸ್ತಾನಕ್ಕೆ. ಸರಣಿ ಮೂರು–ಎರಡು, ಪಾಕಿಸ್ತಾನಕ್ಕೆ, ಕೂದಲೆಳೆಯಷ್ಟು ಅಂತರದಲ್ಲಿ. ನಿಜವಾಗಿ ನಡೆದ 59 ಟೆಸ್ಟ್‌ಗಳ ಲೆಕ್ಕವೂ ಇದಕ್ಕೆ ದೂರವಿಲ್ಲ. ಅವರು 12, ನಾವು 9. ಉಳಿದ 38 ಡ್ರಾ. ಸೋಲುವ ಹೆದರಿಕೆಯಿಂದ 1954–55ರ ಮತ್ತು 1960–61ರ ಸರಣಿಗಳ ಹತ್ತಕ್ಕೆ ಹತ್ತೂ ಪಂದ್ಯಗಳು ಡ್ರಾ ಆದವು.

ಈ ತೀರ್ಪನ್ನು ಮೊದಲು ಕಚೇರಿಯಲ್ಲಿ ಹೇಳಿದೆವು. ಹದಿನೈದು ವರ್ಷದಿಂದ ನಮ್ಮೊಡನೆ ಊಟದ ಡಬ್ಬಿ ಹಂಚಿಕೊಳ್ಳುವ ಸಹೋದ್ಯೋಗಿಯೊಬ್ಬರು ಮೂರು ದಿನ ಬೇರೆ ಮೇಜಿಗೆ ಹೋದರು. “ಸರ್ಕಾರದ ಅನ್ನ ತಿಂದು ಇಂಥ ಮಾತೆ?” ಎಂದರಂತೆ. ನಮಗೆ ನಿಜಕ್ಕೂ ಸಂಕಟವಾಯಿತು. ಎರಡು ದೇಶಗಳ ನಡುವೆ ಏನಾಗಿದೆಯೆಂದು ನಮಗೂ ಗೊತ್ತು. 2007ರ ಡಿಸೆಂಬರ್ ನಂತರ ಒಂದೂ ಟೆಸ್ಟ್ ನಡೆದಿಲ್ಲ. 2025ರ ಏಷ್ಯಾ ಕಪ್ಪಿನಲ್ಲಿ ಆಟಗಾರರು ಕೈಯನ್ನೂ ಕುಲುಕಲಿಲ್ಲ. ಆಡಬೇಕೋ ಬೇಡವೋ ಎನ್ನುವುದು ನಮ್ಮಂಥ ಗುಮಾಸ್ತರು ತೀರ್ಮಾನಿಸುವ ವಿಷಯವಲ್ಲ. ಆದರೆ ನಮ್ಮ ಹನ್ನೊಂದರಲ್ಲಿ ಕೊಹ್ಲಿ, ಅಶ್ವಿನ್, ಶಮಿ, ಬುಮ್ರಾ ನಾಲ್ವರೂ ಪಾಕಿಸ್ತಾನದ ವಿರುದ್ಧ ಒಂದು ಟೆಸ್ಟನ್ನೂ ಆಡಿಲ್ಲ. ತೂಗಿ ನೋಡುವ ಅವಕಾಶವೇ ಇಲ್ಲವಾದಾಗ ಅಳತೆಯ ಪ್ರಾಮಾಣಿಕತೆಯನ್ನಾದರೂ ಉಳಿಸಿಕೊಳ್ಳಬೇಡವೆ? ಎದುರಾಳಿ ದುರ್ಬಲನೆಂದು ನಂಬಿಕೊಂಡು ಗೆದ್ದರೆ ಆ ಗೆಲುವಿಗೂ ಬೆಲೆಯಿಲ್ಲ. ಅಕ್ರಂ ಸಾಮಾನ್ಯ ಬೌಲರ್ ಎಂದರೆ ಅವರನ್ನು ಎದುರಿಸಿದ ನಮ್ಮ ತೆಂಡೂಲ್ಕರ್ ಅವರನ್ನೇ ಸಣ್ಣವರನ್ನಾಗಿ ಮಾಡಿದಂತೆ. ನಾಲ್ಕನೆಯ ದಿನ ಆ ಸಹೋದ್ಯೋಗಿ ಡಬ್ಬಿ ಹಿಡಿದು ಬಂದು ಕುಳಿತರು. “ಕೊಹ್ಲಿ ಜಾಗಕ್ಕೆ ಲಕ್ಷ್ಮಣ್ ಹಾಕಿ ನೋಡಿದಿರಾ?” ಎಂದರು. ಚರ್ಚೆ ಮತ್ತೆ ಶುರುವಾಯಿತು.

ಅವರಿಗೆ ನಾವು 1999ರ ಜನವರಿಯ ಚೆನ್ನೈ ಟೆಸ್ಟನ್ನು ನೆನಪಿಸಿದೆವು. ಆಗ ನಾವು ಬಿ.ಎಸ್ಸಿ. ವಿದ್ಯಾರ್ಥಿ. ಹಾಸ್ಟೆಲಿನ ಟಿ.ವಿ. ಮುಂದೆ ನೆಲದ ಮೇಲೆ ಕುಳಿತಿದ್ದೆವು. ಬೆನ್ನುನೋವಿನಲ್ಲೂ 136 ಹೊಡೆದ ತೆಂಡೂಲ್ಕರ್ ಔಟಾದಾಗ ಗೆಲ್ಲಲು 17 ರನ್ ಬೇಕಿತ್ತು. ಉಳಿದಿದ್ದವರು ಜೋಶಿ, ಕುಂಬ್ಳೆ, ಶ್ರೀನಾಥ್, ವೆಂಕಟೇಶ್ ಪ್ರಸಾದ್. ನಾಲ್ವರೂ ನಮ್ಮವರೇ! ನಾಲ್ಕು ರನ್ ಸೇರುವುದರೊಳಗೆ ಎಲ್ಲ ಮುಗಿಯಿತು. 12 ರನ್ನಿನ ಸೋಲು. ಹಾಸ್ಟೆಲಿನಲ್ಲಿ ಯಾರೋ ಟಿ.ವಿ. ಆರಿಸಲು ಎದ್ದರು. ಅಷ್ಟರಲ್ಲಿ ಚೆಪಾಕಿನ ಜನ ಎದ್ದು ನಿಂತದ್ದು ಕಂಡಿತು. ಪಾಕಿಸ್ತಾನದ ಆಟಗಾರರು ಮೈದಾನದ ಸುತ್ತ ಓಡಿದರು, ಜನ ಚಪ್ಪಾಳೆ ತಟ್ಟಿದರು, ತಟ್ಟುತ್ತಲೇ ಇದ್ದರು. ಅವರ ಕಣ್ಣಲ್ಲೂ ನೀರಿದ್ದಿರಬೇಕು, ನಮ್ಮ ಕಣ್ಣಲ್ಲಂತೂ ಇತ್ತು. ಆ ಜನ ತಮ್ಮ ದೇಶವನ್ನು ನಮಗಿಂತ ಕಡಿಮೆ ಪ್ರೀತಿಸಿದರೆ? ಸೋತ ನೋವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಚೆನ್ನಾಗಿ ಆಡಿದವರನ್ನು ಚೆನ್ನಾಗಿ ಆಡಿದರೆಂದು ಹೇಳಿದರು. ಆಟದ ವಿಮರ್ಶೆ ಎಂದರೆ ಇಷ್ಟೇ ಎಂದು ನಾವು ತಿಳಿದಿದ್ದೇವೆ.

ನಮ್ಮ ಪಟ್ಟಿಯನ್ನು ಒಪ್ಪದವರು ನೂರು ಮಂದಿ ಇರುತ್ತೀರಿ. ಇರಬೇಕು. ನಿಮ್ಮ ಪಟ್ಟಿಯನ್ನು ಈ ಪತ್ರಿಕೆಗೆ ಬರೆದು ಕಳುಹಿಸಿ. ಒಂದೇ ಷರತ್ತು: ಮೊದಲು ಎದುರಾಳಿಯ ತಂಡವನ್ನು ಬರೆಯಿರಿ, ಆಮೇಲೆ ನಮ್ಮದನ್ನು.